ಸೈಕಲ್ಲು ಎಷ್ಟಾದರೆ ಹೆಚ್ಚಾಯಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು. ಒಂದೊಂದಾಗಿ ಮನೆ ಸೇರಿದ ಸೈಕಲ್ಲುಗಳು ಕೋಣೆ ತುಂಬಿವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಇಟ್ಟದ್ದನ್ನು ಹೇಗೆ ಕಾಪಾಡಬೇಕು? ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಬಳಿ 11 ಸೈಕಲ್ಲುಗಳಿವೆ. ‘ಈಗಿರುವುದಕ್ಕಿಂತ ಒಂದು ಹೆಚ್ಚು ಇರಬೇಕು, ಅದೇ ಸರಿಯಾದ ಲೆಕ್ಕ’ ಎನ್ನುತ್ತಾರೆ ಜೊತೆಯ ಸವಾರರು. ಅರ್ಧ ಸಾಗಹಾಕಿ ಎನ್ನುತ್ತಾರೆ ಮನೆಯವರು. ನಿಜವಾದ ಮಿತಿ ಯಾವುದು?

ಉತ್ತರ: ಸೈಕಲ್ಲುಗಳನ್ನು ಎಣಿಸಿದರೆ ಮಿತಿ ಗೊತ್ತಾಗುವುದಿಲ್ಲ, ನಿಮ್ಮ ಕೈಗೆ ಸಿಗುವ ಗಂಟೆಗಳನ್ನು ಎಣಿಸಬೇಕು. ಸುಸ್ಥಿತಿಯಲ್ಲಿರುವ ಒಂದು ಸೈಕಲ್ಲು ತಿಂಗಳಿಗೆ ಹತ್ತು ನಿಮಿಷ ಕೇಳುತ್ತದೆ. ಗಾಳಿ ಹೊಡೆಯುವುದು, ಎರಡೂ ಚಕ್ರ ತಿರುಗಿಸಿ ನೋಡುವುದು, ಬ್ರೇಕು ಒತ್ತುವುದು, ಚೈನು ಒರೆಸಿ ಎಣ್ಣೆ ಬಿಡುವುದು. ವರ್ಷಕ್ಕೆ 2 ಗಂಟೆಯಾಯಿತು. ಇನ್ನು ವರ್ಷಕ್ಕೊಮ್ಮೆ ಬಿಚ್ಚುವ ಕೆಲಸ. ಬಿಡಿ ಬಾಲ್ಸಿನ ಹಳೆಯ ಬೇರಿಂಗುಗಳಾದರೆ ಎರಡು ಹಬ್ಬು (ಚಕ್ರದ ನಡುವಿನ ಗುಂಬ), ಹ್ಯಾಂಡಲ್ ಕೊಳವೆ, ಪೆಡಲ್ ಅಚ್ಚು ಎಲ್ಲವನ್ನೂ ತೆಗೆದು ತೊಳೆದು, ಹೊಸ ಗ್ರೀಸು ತುಂಬಿ, ಕೋನು (ಬಾಲ್ಸನ್ನು ಒತ್ತಿ ಹಿಡಿಯುವ ಇಳಿಜಾರು ನಟ್ಟು) ಸರಿಹೊಂದಿಸಿ ಜೋಡಿಸಲು ಪಳಗಿದ ಕೈಗೂ 4 ಗಂಟೆ ಬೇಕು. ಒಟ್ಟು 6 ಗಂಟೆ. ನಿಮ್ಮ 11ಕ್ಕೆ 66 ಗಂಟೆ. ಇದರಲ್ಲಿ ಸವಾರಿ ಸೇರಿಲ್ಲ, ಪಂಕ್ಚರ್ ಸೇರಿಲ್ಲ, ಮುರಿದದ್ದನ್ನು ಸರಿಮಾಡುವುದೂ ಸೇರಿಲ್ಲ.

ತಿಂಗಳಿಗೆ ಎರಡು ಭಾನುವಾರ, ತಲಾ 2 ಗಂಟೆ ಬಿಡುವು ಮಾಡಿಕೊಳ್ಳಬಲ್ಲಿರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 48 ಗಂಟೆ. ಆರರಿಂದ ಭಾಗಿಸಿದರೆ ಎಂಟು. ಆಗ ಉಳಿದ ಮೂರನ್ನು ನೋಡಿಕೊಳ್ಳಲು ನಿಮ್ಮ ಬಳಿ ಕೈಗಳಿಲ್ಲ ಎಂದೇ ಅರ್ಥ. ಸೀಲಾದ ಕಾರ್ಟ್ರಿಜ್ ಬೇರಿಂಗಿನ ಹೊಸ ಸೈಕಲ್ಲುಗಳಿಗೆ ವರ್ಷದ ಕೆಲಸ ಅರ್ಧಕ್ಕಿಳಿಯುತ್ತದೆ. ಆದರೆ ಅವುಗಳಲ್ಲಿ ಹೈಡ್ರಾಲಿಕ್ ಬ್ರೇಕು, ಸಸ್ಪೆನ್ಷನ್ ಫೋರ್ಕು, ಟ್ಯೂಬ್‌ಲೆಸ್ ಟೈರು ಇದ್ದರೆ ಉಳಿದ ಸಮಯವನ್ನು ಅವೇ ನುಂಗುತ್ತವೆ.

ಈ ಲೆಕ್ಕವನ್ನು ನಂಬುವ ಮೊದಲು ಒಂದು ಸಂಜೆ ನೋಟ್‌ಬುಕ್ಕು ಹಿಡಿದು ಕೂತು, ಪ್ರತಿ ಸೈಕಲ್ಲಿನ ಎದುರು ಕೊನೆಯ ಸಲ ಗಾಳಿ ಹೊಡೆದದ್ದು ಯಾವಾಗ, ಕೊನೆಯ ಸಲ 5 ಕಿಲೋಮೀಟರಿಗಿಂತ ಹೆಚ್ಚು ಓಡಿಸಿದ್ದು ಯಾವಾಗ, ಈಗ ಅದು ಯಾವ ಭಾಗಕ್ಕಾಗಿ ಕಾಯುತ್ತಿದೆ ಎಂದು ಬರೆಯಿರಿ. ಮೊದಲ ಕಾಲಮಿನಲ್ಲೇ ಉತ್ತರ ಬಹುತೇಕ ಸಿಕ್ಕಿಬಿಡುತ್ತದೆ. ಸಾಮಾನ್ಯ ಬ್ಯೂಟೈಲ್ ಟ್ಯೂಬಿನಲ್ಲಿ ಕೆಲವು ವಾರ ಗಾಳಿ ನಿಲ್ಲುತ್ತದೆ, ಲೇಟೆಕ್ಸ್ ಟ್ಯೂಬಿನಲ್ಲಿ ಒಂದೇ ರಾತ್ರಿಗೆ ಇಳಿಯತೊಡಗುತ್ತದೆ. ಗಾಳಿಯಿಲ್ಲದ ಟೈರಿನ ಮೇಲೆ ಸೈಕಲ್ಲು ನಿಂತಾಗ ಟೈರಿನ ಪಕ್ಕೆ ಒಂದೇ ಜಾಗದಲ್ಲಿ ಮಡಿಚಿ, ಅಲ್ಲೇ ರಬ್ಬರು ಸೀಳುತ್ತದೆ. ಮಡಿಕೆಯೊಳಗೆ ಸಿಕ್ಕಿದ ಟ್ಯೂಬೂ ಅಲ್ಲೇ ಬಿಡುತ್ತದೆ. ಎರಡು ತಿಂಗಳು ಹಾಗೆ ನಿಂತ ಸೈಕಲ್ಲು ನಿಮ್ಮ ಮನೆಯಲ್ಲಿದ್ದರೆ ಸಂಗ್ರಹ ಆಗಲೇ ದೊಡ್ಡದಾಗಿದೆ. ಇನ್ನೆರಡು ಗುರುತುಗಳೂ ಇವೆ. ಒಂದನ್ನು ಓಡಿಸಲು ಇನ್ನೊಂದರ ಪೆಡಲ್ಲೋ ಸೀಟೋ ಬಿಚ್ಚುತ್ತಿದ್ದೀರಿ. ಅಥವಾ ಬೇಕಾದದ್ದನ್ನು ಹೊರತೆಗೆಯಲು ಮುಂದಿನ ಎರಡನ್ನು ಸರಿಸಬೇಕಾಗುತ್ತಿದೆ. ಸರಿಸಬೇಕಾದ ಹೊತ್ತಿಗೆ ಬೇಸರ ಬರುತ್ತದೆ, ಹಿಂದಿನ ಸಾಲಿನದು ಸದ್ದಿಲ್ಲದೆ ಮೂಲೆಗುಂಪಾಗುತ್ತದೆ.

ಪ್ರಶ್ನೆ: 3 ಮೀಟರ್ ಉದ್ದ, 2.5 ಮೀಟರ್ ಅಗಲದ ಕೋಣೆಯೊಂದು ಸೈಕಲ್ಲುಗಳಿಗೇ ಮೀಸಲು. ಗೋಡೆಗೆ ಕೊಕ್ಕೆ ಹಾಕಿ ಎಷ್ಟು ತೂಗುಹಾಕಬಹುದು?

ಉತ್ತರ: ಏಳು. ಎದುರುಬದುರು ಎರಡು ಗೋಡೆ ಇದ್ದರೂ ಏಳೇ.

ಮುಂದಿನ ಚಕ್ರ ಮೇಲಾಗಿ ಲಂಬವಾಗಿ ತೂಗುಹಾಕಿದ ಸೈಕಲ್ಲು ಸುಮಾರು 1.8 ಮೀಟರ್ ಎತ್ತರ ಹಿಡಿಯುತ್ತದೆ, ಗೋಡೆಯಿಂದ 1.1 ಮೀಟರ್ ಹೊರಚಾಚುತ್ತದೆ. ರೇಸಿಂಗ್ ಹ್ಯಾಂಡಲ್ಲು 42 ಸೆಂ.ಮೀ. ಅಗಲ, ಸಾದಾ ಸೈಕಲ್ಲಿನದು 60 ಸೆಂ.ಮೀ. ಆಸುಪಾಸು, ಮೌಂಟನ್ ಸೈಕಲ್ಲಿನದು 75 ಸೆಂ.ಮೀ. ದಾಟುವುದೂ ಉಂಟು. ಒಂದು ಕೊಕ್ಕೆ ಮೇಲೆ, ಮುಂದಿನದು 25ರಿಂದ 30 ಸೆಂ.ಮೀ. ಕೆಳಗೆ ಎಂದು ಏರುಪೇರಾಗಿ ಹಾಕಿದರೆ ಹ್ಯಾಂಡಲ್ಲುಗಳು ಒಂದರ ಕೆಳಗೊಂದು ನುಸುಳುತ್ತವೆ, ಆಗ ಕೊಕ್ಕೆಗಳ ನಡುವೆ 40 ಸೆಂ.ಮೀ. ಸಾಕು. ಎರಡೂ ತುದಿಯಲ್ಲಿ ಹ್ಯಾಂಡಲ್ಲಿನ ಅರ್ಧಕ್ಕೆ 30 ಸೆಂ.ಮೀ. ಬಿಟ್ಟರೆ 3 ಮೀಟರ್ ಗೋಡೆಗೆ ಏಳು ಕೊಕ್ಕೆ ಸರಿಯಾಗಿ ಕೂರುತ್ತವೆ. ಈ ಏರುಪೇರಿಗೆ ಸೂರು 2.3 ಮೀಟರ್‌ಗಿಂತ ತಗ್ಗಿರಬಾರದು.

ಎದುರು ಗೋಡೆಗೂ ಹಾಕಿದರೆ ಎರಡು ಸಾಲಿಗೆ 2.2 ಮೀಟರ್ ಹೋಗಿ ನಡುವೆ ಉಳಿಯುವುದು 30 ಸೆಂ.ಮೀ. ಅಲ್ಲಿ ಮನುಷ್ಯ ಅಡ್ಡ ತಿರುಗಿಯೂ ನಿಲ್ಲಲಾರ. ಒಂದೇ ಸಾಲಾದರೆ 1.4 ಮೀಟರ್ ಖಾಲಿ ಉಳಿಯುತ್ತದೆ. ಒಂದು ಸೈಕಲ್ಲನ್ನು ಇಳಿಸಿ ಸ್ಟ್ಯಾಂಡಿಗೇರಿಸಿ ಕೆಲಸ ಮಾಡಲು ಅಷ್ಟು ಬೇಕೇ ಬೇಕು. ಕೆಲಸದ ಜಾಗವನ್ನು ಇನ್ನೊಂದು ಸೈಕಲ್ಲಿಗೆ ಕೊಟ್ಟ ದಿನದಿಂದ ಉಳಿದೆಲ್ಲವೂ ಕೆಡಲು ಶುರುವಾಗುತ್ತವೆ.

ಕೊಕ್ಕೆ ಹಾಕುವಾಗ ಗಾರೆಯ ಪದರವನ್ನು ನಂಬಬೇಡಿ. ಗಾರೆ ದಾಟಿ ಇಟ್ಟಿಗೆಯೊಳಗೆ ಕನಿಷ್ಠ 5 ಸೆಂ.ಮೀ. ಇಳಿಯಬೇಕು, ಮರದ ಗೋಡೆಯಾದರೆ ಹಲಗೆಗಲ್ಲ, ಒಳಗಿನ ಗಟ್ಟಿ ಕಂಬಕ್ಕೆ ತಿರುಗಿಸಬೇಕು. ರಸ್ತೆ ರೇಸಿನ ಸೈಕಲ್ಲು 8–9 ಕೆ.ಜಿ. ಇರಬಹುದು, ಹಳೆಯ ಉಕ್ಕಿನ ಸೈಕಲ್ಲು 18–20 ಕೆ.ಜಿ. ತೂಗುತ್ತದೆ, ಕೊಕ್ಕೆಗೇರಿಸುವಾಗಿನ ಎಳೆತ ಅದಕ್ಕಿಂತ ಹೆಚ್ಚು. ಉದ್ದ ಮಡ್‌ಗಾರ್ಡಿನ ಸೈಕಲ್ಲು ಹೀಗೆ ತೂಗಿದಾಗ ಹಿಂದಿನ ಮಡ್‌ಗಾರ್ಡಿನ ತುದಿ ಗೋಡೆಗೆ ಒತ್ತಿ ಸೊಟ್ಟಗಾಗುತ್ತದೆ. ಟೈರು ತಾಗುವ ಜಾಗದಲ್ಲಿ ಮರದ ತುಂಡೊಂದನ್ನು ಗೋಡೆಗೆ ಬಡಿದರೆ ಮಡ್‌ಗಾರ್ಡು ಉಳಿಯುತ್ತದೆ. ಹೈಡ್ರಾಲಿಕ್ ಬ್ರೇಕಿನದನ್ನು ಇಳಿಸಿದ ಮೇಲೆ ಹತ್ತಿ ಹೊರಡುವ ಮುನ್ನ ಎರಡೂ ಲಿವರನ್ನು ಹತ್ತಾರು ಸಲ ಒತ್ತಿ ನೋಡಿ. ಲಿವರ್ ಬುಡದ ತೊಟ್ಟಿಯಲ್ಲಿದ್ದ ಗಾಳಿಗುಳ್ಳೆ ಲಂಬವಾಗಿದ್ದಾಗ ಕೊಳವೆಯೊಳಗೆ ಜಾರಿರಬಹುದು. ಒತ್ತಿದಾಗ ಲಿವರ್ ಹ್ಯಾಂಡಲ್ಲಿನವರೆಗೂ ಬಂದರೆ ಗಾಳಿ ತೆಗೆಯದೆ ಓಡಿಸಬಾರದು.

ಪ್ರಶ್ನೆ: ಇರುವ 9ರಲ್ಲಿ ಮೂರು ಬಿಡಿಭಾಗಕ್ಕೆಂದೇ ಇಟ್ಟವು. ಎಲ್ಲವೂ 26 ಇಂಚಿನ ಚಕ್ರದವೇ. ಆದರೂ ಬೇಕಾದ ಹೊತ್ತಿಗೆ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ‘26 ಇಂಚು’ ಎಂಬ ಮಾತಿನಲ್ಲೇ ತಪ್ಪಿದೆ. ಆ ಹೆಸರಿನಲ್ಲಿ ಒಂದಕ್ಕೊಂದು ಕೂರದ ಕನಿಷ್ಠ ಐದು ಅಳತೆಗಳಿವೆ. ಟೈರಿನ ಪಕ್ಕೆಯ ಮೇಲೆ ‘37-590’ ಎಂಬಂತೆ ಎರಡು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಂಬಬೇಕಾದದ್ದು ಎರಡನೆಯದನ್ನು. 26 × 1 3/8 ಎಂದಿದ್ದರೆ ಅದು ಸಾಮಾನ್ಯವಾಗಿ 590. ಮೌಂಟನ್ ಸೈಕಲ್ಲಿನ 26 × 1.95 ಅಥವಾ 2.10 ಎಂದರೆ 559. 26 × 1 1/2 ಎಂದರೆ 584, 26 × 1 1/4 ಎಂದರೆ 597, 26 × 1 ಎಂದರೆ 571. 597ರ ರಿಮ್ಮಿಗೆ 590ರ ಟೈರು ಹಾಕಲು ಹೆಣಗಿ ಟೈರು ಎಬ್ಬಿಸುವ ಸನ್ನೆಗಳನ್ನೇ ಮುರಿದುಕೊಳ್ಳುವವರಿದ್ದಾರೆ. 7 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಕಾಣುತ್ತದೆ. 28 ಇಂಚಿನದೂ ಇದೇ ಕತೆ: 622, 635, 642 ಮೂರೂ ಆ ಹೆಸರಿನಲ್ಲೇ ಬರುತ್ತವೆ.

ಪೆಡಲ್ ಅಚ್ಚಿನ ಕೊಳವೆಯ ಮರೆ, ಅಂದರೆ ತಿರುಪಿನ ಸುತ್ತು, ಇದಕ್ಕಿಂತ ಅಪಾಯಕಾರಿ. ಇಂಗ್ಲಿಷ್ ಮರೆ 1.37 ಇಂಚು, ಇಂಚಿಗೆ 24 ಸುತ್ತು, ಅದರಲ್ಲಿ ಚೈನಿನ ಕಡೆಯ ಕಪ್ಪು (ಬೇರಿಂಗು ಕೂರುವ ಬಟ್ಟಲು) ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಇಟಾಲಿಯನ್ ಮರೆ 36 ಮಿ.ಮೀ., ಇಂಚಿಗೆ 24 ಸುತ್ತು, ಎರಡೂ ಕಡೆ ಬಲಕ್ಕೆ ಬಿಗಿ. ಹಳೆಯ ಫ್ರೆಂಚ್ ಮರೆ 35 ಮಿ.ಮೀ., ಸುತ್ತಿಗೆ 1 ಮಿ.ಮೀ., ಅದೂ ಎರಡೂ ಕಡೆ ಬಲಕ್ಕೇ. ಇಂಗ್ಲಿಷ್ ಕಪ್ಪಿನ ವ್ಯಾಸ 34.8 ಮಿ.ಮೀ. ಆದ್ದರಿಂದ ಫ್ರೆಂಚ್ ಕೊಳವೆಯ ಎಡಬದಿಯಲ್ಲಿ ಅದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ‘ತುಕ್ಕಿರಬೇಕು’ ಎಂದು ಉದ್ದ ಪಾನಾ ಹಾಕಿ ಒತ್ತಿದರೆ ಚೌಕಟ್ಟಿನ ಮರೆಯೇ ಕಿತ್ತುಬರುತ್ತದೆ. ಪೆಡಲ್ಲಿನಲ್ಲೂ ಹೀಗೇ. ಸಾಮಾನ್ಯ ಮರೆ 9/16 ಇಂಚು, ಒಂದೇ ತುಂಡಿನ ಕ್ರ್ಯಾಂಕಿನದು (ಕ್ರ್ಯಾಂಕು ಎಂದರೆ ಪೆಡಲ್ ಹಿಡಿಯುವ ತೋಳು) 1/2 ಇಂಚು, ಹಳೆಯ ಫ್ರೆಂಚಿನದು 14 ಮಿ.ಮೀ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನುಗಳು 9.5 ಮಿ.ಮೀ. ದಪ್ಪದವೂ ಇವೆ, 9 ಮಿ.ಮೀ. ದಪ್ಪದವೂ ಇವೆ. ಸೀಟಿನ ಕೊಳವೆ 0.2 ಮಿ.ಮೀ. ವ್ಯತ್ಯಾಸಕ್ಕೂ ಕೂರುವುದಿಲ್ಲ, ಹಾಗಾಗಿ ವರ್ನಿಯರ್ ಮಾಪಕವಿಲ್ಲದೆ ಊಹಿಸಬೇಡಿ. ಹಿಂದಿನ ಹಬ್ಬಿನ ಅಗಲ ಐದು ಗೇರಿನ ಕಾಲದಲ್ಲಿ 120, ಆರು ಗೇರಿನಲ್ಲಿ 126, ಆಮೇಲೆ ರಸ್ತೆ ಸೈಕಲ್ಲಿಗೆ 130, ಮೌಂಟನ್ ಸೈಕಲ್ಲಿಗೆ 135 ಮಿ.ಮೀ. ಉಕ್ಕಿನ ಚೌಕಟ್ಟನ್ನು 126ರಿಂದ 130ಕ್ಕೆ ಅಗಲಿಸಬಹುದು, ಅಲ್ಯೂಮಿನಿಯಂ, ಕಾರ್ಬನ್ ಚೌಕಟ್ಟನ್ನು ಅಗಲಿಸುವಂತಿಲ್ಲ.

ಅಂದರೆ ನಿಮ್ಮ ಸಂಗ್ರಹಕ್ಕೆ ಭಾರವಾಗಿರುವುದು ಒಂಬತ್ತು ಸೈಕಲ್ಲುಗಳಿಗಿಂತ ಹೆಚ್ಚಾಗಿ ಅವುಗಳಲ್ಲಿರುವ ಬಗೆಬಗೆಯ ಅಳತೆಗಳು. ಒಂದೇ ಟೈರು, ಒಂದೇ ಮರೆ, ಒಂದೇ ಬಗೆಯ ಫ್ರೀವೀಲ್ ತೆಗೆಯುವ ಸಾಧನ ಸಾಕಾಗುವ ಹತ್ತು ಸೈಕಲ್ಲುಗಳನ್ನು ನೋಡಿಕೊಳ್ಳುವುದು ಐದು ದೇಶದ ಐದಕ್ಕಿಂತ ಹಗುರ.

ಬಿಡಿಭಾಗಕ್ಕೆಂದು ಇಟ್ಟ ಮೂರನ್ನು ಇಡಿಯಾಗಿ ಇಡಬೇಡಿ. ಒಂದು ದಿನ ಕೂತು ಬಿಚ್ಚಿ. ಹಬ್ಬಿನ ಅಚ್ಚು, ಕೋನು, ಕಪ್ಪು, ನಟ್ಟು ಬೋಲ್ಟುಗಳು, ಕ್ರ್ಯಾಂಕು, ಬ್ರೇಕಿನ ತೋಳು, ಮೂಲ ಸೀಟು ಇವು ಉಳಿಸಲು ಯೋಗ್ಯ. ಪ್ರತಿ ಹಬ್ಬಿನದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಅಳತೆಯ ಚೀಟಿ ಅಂಟಿಸಿ, ಯಾಕೆಂದರೆ ಕೋನಿನ ಇಳಿಜಾರು ಹಬ್ಬಿಂದ ಹಬ್ಬಿಗೆ ಬೇರೆ. ಹಳೆಯ ಟ್ಯೂಬು, ಗಾಜಿನಂತೆ ಗಟ್ಟಿಯಾದ ಬ್ರೇಕ್ ರಬ್ಬರು, ಬಳಸಿದ ಬ್ರೇಕ್ ತಂತಿ ಎಸೆಯಿರಿ. ಚೈನನ್ನು ಅಳೆದು ನೋಡಿ: ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ದಾಟಿದ ಪಿನ್ನಿನ ನಡುವಿಗೆ ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ. ಅದು 308ಕ್ಕೆ ಹೋಗಿದ್ದರೆ 1 ಶೇಕಡಾ ಸವೆದಂತೆ, ಅದನ್ನು ಹಾಕಿದ ಸೈಕಲ್ಲಿನ ಹಲ್ಲುಗಳನ್ನೂ ಅದು ತಿನ್ನುತ್ತದೆ. ಹೀಗೆ ಮಾಡಿದರೆ ಮೂರು ಸೈಕಲ್ಲುಗಳ ಸಾರ ಒಂದು ಕಪಾಟಿನಲ್ಲಿ ಹಿಡಿಯುತ್ತದೆ, ಬಾಗಿದ ಚೌಕಟ್ಟುಗಳು ಗುಜರಿಗೆ ಹೋಗಲಿ.

ಪ್ರಶ್ನೆ: ನಾಲ್ಕು ಸೈಕಲ್ಲುಗಳನ್ನು ಎರಡು ವರ್ಷದಿಂದ ಮುಟ್ಟಿಲ್ಲ. ಓಡಿಸದಿದ್ದರೆ ಸವೆಯುವುದೂ ಇಲ್ಲವಲ್ಲ, ಪ್ಲಾಸ್ಟಿಕ್ ಹೊದಿಕೆಯಡಿ ಹಾಗೇ ಇರಲಿ ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ಓಡಿಸಿದಾಗ ಸವೆಯುವುದು ಚೈನು, ಟೈರು, ಬ್ರೇಕು. ಇವೆಲ್ಲ ಬದಲಿಸಬಹುದಾದವು. ಸುಮ್ಮನೆ ನಿಂತಾಗ ಹಿಡಿದುಕೊಳ್ಳುವುದು ಚೌಕಟ್ಟಿಗೇ ಸೇರಿದ ಭಾಗಗಳು. ಮೊದಲು ಆ ಪ್ಲಾಸ್ಟಿಕ್ಕು ತೆಗೆಯಿರಿ. ರಾತ್ರಿ ತಣ್ಣಗಾದಾಗ ಅದರೊಳಗೆ ಇಬ್ಬನಿ ಕಟ್ಟುತ್ತದೆ, ಬೆಳಗಾದರೂ ಆರುವುದಿಲ್ಲ. ಹಳೆಯ ಹತ್ತಿಯ ಹೊದಿಕೆ ಧೂಳನ್ನೂ ತಡೆಯುತ್ತದೆ, ಉಸಿರಾಡಲೂ ಬಿಡುತ್ತದೆ.

ಆಮೇಲೆ ಸೀಟಿನ ಕೊಳವೆ. ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಕೊಳವೆ ಇದ್ದರೆ, ನಡುವೆ ತೇವ ಸೇರಿದಾಗ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಕೊಳವೆ ಬೆಣೆ ಹೊಡೆದಂತೆ ಕಚ್ಚಿಕೊಳ್ಳುತ್ತದೆ. ಎತ್ತರಕ್ಕೆ ಟೇಪು ಸುತ್ತಿ ಗುರುತು ಮಾಡಿ, ಬೋಲ್ಟು ಸಡಿಲಿಸಿ, ಈಗಲೇ ತಿರುಗಿಸಿ ನೋಡಿ. ಬಂದರೆ ಹೊರತೆಗೆದು ಒರೆಸಿ ಗ್ರೀಸು ಸವರಿ ಮತ್ತೆ ಇಳಿಸಿ, ಆರು ತಿಂಗಳಿಗೊಮ್ಮೆ ಇದನ್ನೇ ಮಾಡಿ. ಬಾರದಿದ್ದರೆ ನುಸುಳುವ ಎಣ್ಣೆಯನ್ನು ಮೇಲಿನಿಂದ ಬಿಡಿ, ಸೈಕಲ್ಲು ತಲೆಕೆಳಗು ಮಾಡಿ ಪೆಡಲ್ ಅಚ್ಚಿನ ಕೊಳವೆಯ ಮೂಲಕವೂ ಬಿಡಿ. ಎರಡು ದಿನ ಕಾದು, ಸೀಟನ್ನೇ ಹಿಡಿಯಾಗಿಸಿಕೊಂಡು ಎಡಕ್ಕೂ ಬಲಕ್ಕೂ ತಿರುಚಿ. ಮೇಲಕ್ಕೆ ಎಳೆಯುವುದು ವ್ಯರ್ಥ, ತಿರುಚಿದಾಗಲೇ ಆ ಪುಡಿ ಒಡೆಯುವುದು. ಕಾರ್ಬನ್ ಕೊಳವೆಗೆ ಗ್ರೀಸು ಬೇಡ, ಅದಕ್ಕೆಂದೇ ಇರುವ ಮರಳುಮರಳಾದ ಪೇಸ್ಟು ಬೇಕು. ಹ್ಯಾಂಡಲ್ಲಿನ ಕಾಂಡಕ್ಕೂ ಇದೇ ಉಪಚಾರ.

ಹಬ್ಬಿನ ಗ್ರೀಸು ಹೇಗಿದೆ ಎಂದು ಬಿಚ್ಚದೆಯೇ ತಿಳಿಯಬಹುದು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ವಾಲ್ವನ್ನು ಗಡಿಯಾರದ ಮೂರು ಗಂಟೆಯ ಜಾಗಕ್ಕೆ ತಂದು ಕೈಬಿಡಿ. ಚಕ್ರ ತನ್ನಷ್ಟಕ್ಕೆ ಹೊರಳಿ, ಲೋಲಕದಂತೆ ಅತ್ತಿತ್ತ ತೂಗಿ, ಭಾರದ ಬದಿ ಕೆಳಗಾಗಿ ನಿಲ್ಲಬೇಕು. ಕೈಬಿಟ್ಟಲ್ಲೇ ನಿಂತರೆ ಗ್ರೀಸು ಮೇಣದಂತೆ ಕಟ್ಟಿದೆ ಅಥವಾ ಕೋನು ಬಿಗಿಯಾಗಿದೆ. ಹಾಗೆಯೇ ಓಡಿಸಿದರೆ ಬಾಲ್ಸು ಕೋನಿನ ಮೇಲೆ ಗುಳಿ ಕೊರೆಯುತ್ತವೆ, ಗುಳಿ ಬಿದ್ದ ಕೋನಿಗೆ ಮದ್ದಿಲ್ಲ, ಬದಲಿಸಬೇಕು.

ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟು (ತೂತು ಮುಚ್ಚುವ ದ್ರವ) ಎರಡರಿಂದ ಆರು ತಿಂಗಳಲ್ಲಿ ಒಣಗಿ ಚರ್ಮದಂತೆ ಅಂಟುತ್ತದೆ, ವಾಲ್ವಿನ ಬಾಯಿ ಮುಚ್ಚುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಅದನ್ನು ಒರೆಸಿ ತೆಗೆದು ಟ್ಯೂಬು ಹಾಕಿಡಿ. ಡಾಟ್ ದ್ರವದ (ಕಾರುಗಳಲ್ಲೂ ಬಳಸುವ ಬಗೆಯ ಬ್ರೇಕ್ ದ್ರವ) ಬ್ರೇಕು ನಿಂತಲ್ಲೇ ತೇವ ಹೀರುತ್ತದೆ, ಅದರ ಕುದಿಬಿಂದು ಇಳಿಯುತ್ತದೆ, ಆದ್ದರಿಂದ ಓಡಿಸದಿದ್ದರೂ ಒಂದೆರಡು ವರ್ಷಕ್ಕೆ ಬದಲಿಸಬೇಕು. ಮಿನರಲ್ ಆಯಿಲಿನ ಬ್ರೇಕಿಗೆ ಆ ತೊಂದರೆಯಿಲ್ಲ, ಆದರೆ ಒಂದರದನ್ನು ಇನ್ನೊಂದಕ್ಕೆ ಸುರಿದರೆ ಒಳಗಿನ ಸೀಲುಗಳು ಕೆಟ್ಟುಹೋಗುತ್ತವೆ. ತೊಗಲಿನ ಸೀಟಿಗೆ ಬೂಷ್ಟು ಬಂದಿದ್ದರೆ ಒಣ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ. ಅದನ್ನು ಎಣ್ಣೆಯಲ್ಲಿ ನೆನೆಸಬೇಡಿ, ತೊಗಲು ಮೆತ್ತಗಾಗಿ ಜೋತುಬೀಳುತ್ತದೆ.

ಈ ಉಪಚಾರ ನಾಲ್ಕಕ್ಕೂ ಮಾಡಲು ಮನಸ್ಸು ಬರುತ್ತಿಲ್ಲ ಎನಿಸಿದರೆ, ಮನಸ್ಸು ಬರುವ ಎರಡನ್ನು ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಸೈಕಲ್ಲು. ನನ್ನ ಅಳತೆಗೆ ದೊಡ್ಡದು, ಯಾರೂ ಓಡಿಸುವುದಿಲ್ಲ. ಲೆಕ್ಕದ ಪ್ರಕಾರ ಅದೇ ಮೊದಲು ಹೋಗಬೇಕು. ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಒಪ್ಪಬೇಕಾಗಿಯೂ ಇಲ್ಲ. ಅದನ್ನು ಲೆಕ್ಕದಿಂದ ಹೊರಗಿಡಿ. ಓಡುವ ಸೈಕಲ್ಲಾಗಿ ಇಟ್ಟುಕೊಳ್ಳುವ ಹಟ ಬಿಟ್ಟರೆ ಅದಕ್ಕೆ ಬೇಕಾಗುವುದು ವರ್ಷಕ್ಕೆ ಒಂದು ಗಂಟೆ. ಎರಡೂ ಚಕ್ರ ನೆಲಕ್ಕೆ ತಾಗದಂತೆ ಎತ್ತರಿಸಿ, ಟೈರಿನಲ್ಲಿ ಆಕಾರ ನಿಲ್ಲುವಷ್ಟು ಮಾತ್ರ ಗಾಳಿ ಬಿಡಿ, ಬಿಸಿಲು ಬೀಳದ ಕಡೆ ಇಡಿ, ಕ್ರೋಮ್ ಭಾಗಕ್ಕೆ ತೆಳುವಾಗಿ ಎಣ್ಣೆ ಸವರಿ. ಬಣ್ಣ ಹೊಡೆಸಬೇಡಿ. ಹಿಡಿ ಸವೆದ ಜಾಗ, ಚೌಕಟ್ಟಿಗೆ ಬೀಗದ ಸರಪಳಿ ಉಜ್ಜಿದ ಗೆರೆ, ಇವು ಹೋದರೆ ಅದು ಯಾರದೋ ಸೈಕಲ್ಲಾಗುತ್ತದೆ.

ಪ್ರಶ್ನೆ: ತುಕ್ಕು ಹಿಡಿದ ಮೂರು ಗೇರಿನ ಹಳೆಯ ಸೈಕಲ್ಲೊಂದು ಸಿಗುತ್ತಿದೆ. ಈಗಾಗಲೇ ಎರಡು ಅರ್ಧಕ್ಕೆ ಬಿಚ್ಚಿಟ್ಟಿವೆ. ತರಲೇ?

ಉತ್ತರ: ಬಿಚ್ಚಿಟ್ಟ ಎರಡರಲ್ಲಿ ಒಂದು ರಸ್ತೆಗಿಳಿಯುವ ತನಕ ಬೇಡ. ತುಕ್ಕು ಹಿಡಿದ ಸೈಕಲ್ಲನ್ನು ಪೂರ್ತಿ ಬಿಚ್ಚಿ ಕಟ್ಟುವುದಕ್ಕೆ 30 ಗಂಟೆಯಾದರೂ ಇಟ್ಟುಕೊಳ್ಳಬೇಕು. ಮೊದಲ ಉತ್ತರದ ಲೆಕ್ಕದಲ್ಲಿ ಅದು ಐದು ಸೈಕಲ್ಲುಗಳ ಒಂದು ವರ್ಷದ ಆರೈಕೆ. ಬಿಚ್ಚಿಟ್ಟದ್ದರಲ್ಲಿ ಇನ್ನೊಂದು ಅಪಾಯವಿದೆ: ಯಾವ ವಾಷರು ಎಲ್ಲಿತ್ತು ಎಂಬ ನೆನಪು ತಿಂಗಳೊಳಗೆ ಅಳಿಯುತ್ತದೆ. ಬಿಚ್ಚುವಾಗಲೇ ಅಚ್ಚಿನ ಭಾಗಗಳನ್ನು ತೆಗೆದ ಕ್ರಮದಲ್ಲೇ ದಾರಕ್ಕೆ ಪೋಣಿಸಿ ಗಂಟು ಹಾಕಿಡಬೇಕು.

ಆದರೂ ನೋಡಲು ಹೋಗುವಿರಾದರೆ ಒಂದು ದಾರ ಜೇಬಿನಲ್ಲಿರಲಿ. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಕೊಂಡಿಗೆ ದಾರ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆ ಬಳಸಿ ತಂದು ಇನ್ನೊಂದು ಬದಿಯ ಕೊಂಡಿಗೆ ಬಿಗಿಯಾಗಿ ಕಟ್ಟಿ. ಚೌಕಟ್ಟಿನಲ್ಲಿ ಸೀಟು ಇಳಿಯುವ ದಂಡಕ್ಕೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಚೌಕಟ್ಟಿನ ಹಿಂಭಾಗ ನೆಟ್ಟಗಿದೆ. ಆಮೇಲೆ ಹ್ಯಾಂಡಲ್ ಕೊಳವೆಗೆ ತಾಗುವ ಕೆಳಗಿನ ದಂಡದ ಅಡಿಯಲ್ಲಿ ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಉಬ್ಬು ತಾಗಿದರೆ ಮುಂದಿನಿಂದ ಗುದ್ದಿಸಿಕೊಂಡ ಸೈಕಲ್ಲು ಅದು, ಬಿಟ್ಟುಬಿಡಿ. ಗೇರು ಹಬ್ಬಿನೊಳಗೇ ಇರುವ, ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬಾದರೆ ಅದರ ಹೊಟ್ಟೆಯ ಮೇಲೆ ತಯಾರಾದ ವರ್ಷ ಅಚ್ಚಾಗಿರುವುದುಂಟು. ‘62’ ಎಂದಿದ್ದರೆ 1962. ಹಬ್ಬು ಚೌಕಟ್ಟಿಗಿಂತ ತೀರ ಹೊಸದಾಗಿದ್ದರೆ ಚಕ್ರ ಬದಲಾಗಿದೆ ಎಂದರ್ಥ. ಓಡಿಸುವವರಿಗೆ ಅದರಿಂದ ತೊಂದರೆಯಿಲ್ಲ, ಮೂಲಭಾಗಗಳ ಮೇಲೆ ಆಸೆಯಿರುವವರಿಗೆ ಇದೆ. ಗೇರು ಜಾರುತ್ತದೆ ಎಂದ ಮಾತ್ರಕ್ಕೆ ಹಬ್ಬು ಕೆಟ್ಟಿದೆ ಎನ್ನಬೇಡಿ. ತಂತಿ ಸಡಿಲವಾಗಿದ್ದರೆ ಎರಡನೆಯ, ಮೂರನೆಯ ಗೇರಿನ ನಡುವೆ ಪೆಡಲು ಗಾಳಿಯಲ್ಲಿ ತಿರುಗುತ್ತದೆ. ತಂತಿ ಸರಿಮಾಡಿ, ಎಣ್ಣೆರಂಧ್ರದಲ್ಲಿ ತೆಳು ಎಣ್ಣೆ ಬಿಟ್ಟರೆ ಹೆಚ್ಚಿನವು ಬದುಕುತ್ತವೆ.

ತುಕ್ಕಿನ ಉಕ್ಕಿನ ಭಾಗಗಳಿಗೆ ಆಕ್ಸಾಲಿಕ್ ಆಮ್ಲ ಒಳ್ಳೆಯದು: ಲೀಟರ್ ನೀರಿಗೆ ಸುಮಾರು 30 ಗ್ರಾಂ, ಒಂದು ರಾತ್ರಿ ನೆನೆಸಿ, ತೊಳೆದು, ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ ಎಣ್ಣೆ ಸವರಬೇಕು. ಅದು ವಿಷ. ಕೈಗವಸು ಬೇಕು, ಪುಡಿ ಉಸಿರಿಗೆ ಹೋಗಬಾರದು, ಮಕ್ಕಳ ಕೈಗೆ ಎಟುಕಬಾರದು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ.

ಪ್ರಶ್ನೆ: ಎರಡು ಎಲೆಕ್ಟ್ರಿಕ್ ಸೈಕಲ್ಲುಗಳೂ ಸಂಗ್ರಹದಲ್ಲಿವೆ, ಅಪರೂಪಕ್ಕೆ ಓಡಿಸುತ್ತೇನೆ. ಬೇರೆ ಕಾಳಜಿ ಬೇಕೇ?

ಉತ್ತರ: ಬೇಕು. ಅಪರೂಪಕ್ಕೆ ಓಡಿಸುವುದಾದರೆ ಸಂಗ್ರಹದಿಂದ ಮೊದಲು ಬಿಡಬೇಕಾದವೂ ಇವೇ ಎಂಬುದು ನಮ್ಮ ಅಭಿಪ್ರಾಯ. ಉಕ್ಕಿನ ಸೈಕಲ್ಲು ಐವತ್ತು ವರ್ಷ ಕಾಯುತ್ತದೆ, ಲಿಥಿಯಂ ಬ್ಯಾಟರಿ ಕಾಯುವುದಿಲ್ಲ. ಇಟ್ಟುಕೊಳ್ಳುವುದಾದರೆ ಬ್ಯಾಟರಿ ಬಿಚ್ಚಿ, 30ರಿಂದ 60 ಶೇಕಡಾ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಅಷ್ಟಕ್ಕೇ ಏರಿಸಿ. ಪೂರ್ತಿ ತುಂಬಿಸಿಡುವುದೂ ಪೂರ್ತಿ ಬರಿದಾಗಲು ಬಿಡುವುದೂ ಎರಡೂ ಕೆಡುಕು. ತಿಂಗಳುಗಟ್ಟಲೆ ಬರಿದಾಗಿ ನಿಂತ ಬ್ಯಾಟರಿ, ಬಿದ್ದು ಪೆಟ್ಟಾದದ್ದು, ಉಬ್ಬಿದ್ದು, ಇವನ್ನು ಮತ್ತೆ ಚಾರ್ಜಿಗೆ ಹಾಕುವ ಸಾಹಸ ಬೇಡ, ಬೆಂಕಿ ಹೊತ್ತುವುದು ಇಂಥವೇ. ರಾತ್ರಿಯಿಡೀ ಚಾರ್ಜರಿಗೆ ಸಿಕ್ಕಿಸಿ ಮಲಗಬೇಡಿ, ಬಾಗಿಲ ದಾರಿಯಲ್ಲೂ ಇಡಬೇಡಿ.

ಪ್ರಶ್ನೆ: 14ರಿಂದ 8ಕ್ಕೆ ಇಳಿಸುವುದೆಂದು ತೀರ್ಮಾನಿಸಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಆರಿಸುವ ಕೆಲಸವನ್ನು ನಿಮ್ಮ ಕಾಲುಗಳಿಗೆ ಬಿಡಿ. ಎಲ್ಲ ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದೊಂದು ಚೀಟಿ ಕಟ್ಟಿ, ಓಡಿಸಿದ ದಿನವೆಲ್ಲ ತಾರೀಖು ಬರೆಯಿರಿ. ಮಳೆ, ಬಿಸಿಲು ಎರಡೂ ಕಾಲ ದಾಟಲಿ. ಆರು ತಿಂಗಳಾದರೂ ಖಾಲಿಯಿರುವ ಚೀಟಿಗಳು ತಾವೇ ಹೇಳುತ್ತವೆ. ತಾರೀಖು ಬಿದ್ದವುಗಳಲ್ಲಿ ಒಂದೇ ಕೆಲಸಕ್ಕೆ ಎರಡಿದ್ದರೆ, ನಿಮ್ಮ ಮೈಗೆ ಸರಿಹೊಂದುವುದನ್ನು ಇಟ್ಟುಕೊಳ್ಳಿ. ನೋಡಲು ಚೆಂದವಿದ್ದದ್ದು, ಅಳತೆ ಹೊಂದದಿದ್ದರೆ, ಮುಂದಿನ ವರ್ಷವೂ ಖಾಲಿ ಚೀಟಿಯೇ.

ಜೊತೆಗೆ ನಿಮ್ಮ ಸಂಗ್ರಹ ಯಾವುದರ ಬಗ್ಗೆ ಎಂದು ಒಂದು ವಾಕ್ಯ ಬರೆದು ನೋಡಿ. ವಸ್ತುಸಂಗ್ರಹಾಲಯಗಳು ಏನನ್ನು ಸೇರಿಸಿಕೊಳ್ಳುತ್ತೇವೆ, ಏನನ್ನು ಬೇಡವೆನ್ನುತ್ತೇವೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ. ‘1984ರಲ್ಲಿ ಶಿಮಾನೊ ಕಂಪನಿಯ ರೇಸಿಂಗ್ ಭಾಗಗಳ ಸರಣಿ ಡ್ಯೂರಾ-ಏಸ್‌ನಲ್ಲಿ ಕ್ಲಿಕ್ಕಾಗುವ ಗೇರು ಬರುವ ಮೊದಲಿನ ರೇಸಿಂಗ್ ಸೈಕಲ್ಲುಗಳು’ ಎಂದು ಬರೆಯಬಲ್ಲಿರಾದರೆ ಮಡಿಸುವ ಸೈಕಲ್ಲು ಅದರಲ್ಲಿ ಹೇಗೆ ಬಂತು ಎಂದು ನೀವೇ ಕೇಳಿಕೊಳ್ಳುತ್ತೀರಿ. ಆ ವಾಕ್ಯಕ್ಕೆ ಸೇರದ, ಓಡಿಸಲೂ ಬಳಸದ ಸೈಕಲ್ಲು ಮೊದಲು ಹೋಗಲಿ.

ಕೊಡುವ ಮುನ್ನ ಪೆಡಲ್ ಅಚ್ಚಿನ ಅಡಿಯಲ್ಲೋ ಸೀಟಿನ ಕೆಳಗೋ ಹಿಂದಿನ ಕೊಂಡಿಯ ಮೇಲೋ ಇರುವ ಚೌಕಟ್ಟಿನ ಸಂಖ್ಯೆಯನ್ನು ಬರೆದುಕೊಂಡು ಚಿತ್ರ ತೆಗೆಯಿರಿ. ಖರೀದಿಯ ಚೀಟಿ ಇದ್ದರೆ ಜೊತೆಗೇ ಕೊಡಿ. ಟೈರು ಸೀಳಿದ್ದರೆ, ಕೊಳವೆ ಕಚ್ಚಿದ್ದರೆ ಹೇಳಿಯೇ ಕೊಡಿ. ಯಾರಿಗಾದರೂ ಉಚಿತವಾಗಿ ಕೊಡುವುದಾದರೆ ಎರಡೂ ಬ್ರೇಕು ಹಿಡಿಯಬೇಕು, ಹ್ಯಾಂಡಲ್ ಕಾಂಡ, ಸೀಟು, ಚಕ್ರದ ನಟ್ಟು ಬಿಗಿಯಿರಬೇಕು, ನಿಂತು ಚೌಕಟ್ಟಿನ ಮೇಲಿನ ದಂಡ ದಾಟಿದಾಗ ಪಡೆಯುವವರಿಗೆ ಎರಡು ಮೂರು ಸೆಂ.ಮೀ. ಬಿಡುವು ಉಳಿಯಬೇಕು. ಮುರಿದದ್ದನ್ನು ದಾನ ಮಾಡಿದರೆ ನಿಮ್ಮ ಮೂಲೆಯ ಭಾರ ಇನ್ನೊಬ್ಬರ ಮೂಲೆಗೆ ಹೋಯಿತು, ಅಷ್ಟೇ.

ಎಂಟಕ್ಕೆ ಇಳಿದ ಮೇಲೆ ಒಂಬತ್ತನೆಯದು ಕಣ್ಣಿಗೆ ಬೀಳುತ್ತದೆ. ತರುವ ಮುನ್ನ ಅದರ ಟೈರಿನ ಸಂಖ್ಯೆ, ಮರೆಯ ಬಗೆ, ಬ್ರೇಕಿನ ದ್ರವ ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮನೆಯಲ್ಲಿರುವ ಸಾಮಾನಿನಿಂದಲೇ ಅದನ್ನು ನೋಡಿಕೊಳ್ಳಬಹುದೇ ಎಂದು ತಾಳೆ ಹಾಕಿ. ಹೊಂದಿದರೆ, ಯಾವ ಕೊಕ್ಕೆಯಿಂದ ಯಾವುದು ಇಳಿಯುತ್ತದೆ ಎಂದು ಅದೇ ಹಾಳೆಯಲ್ಲಿ ಬರೆದ ಮೇಲೆ ಹೋಗಿ ತನ್ನಿ.